ಅವಲಕ್ಕಿಗೆ ಇಷ್ಟು ರಂಪವೇ?

ಅವಲಕ್ಕಿ ರೀ! ಒಗ್ಗರಣೆ ಹಾಕಿದ ಅವಲಕ್ಕಿ. ಬಾಂಬಲ್ಲ, ಬಾಟಲಿಯೂ ಅಲ್ಲ.

ಕಾರವಾರದಲ್ಲಿ ಕಡಲ ಪಕ್ಕದ ಪಾರ್ಕಿಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಚೀಟಿ ತೆಗೆದುಕೊಂಡು ಇನ್ನೇನು ಒಳಗೆ ಕಾಲಿಟ್ಟಿದ್ದೆವು, ಗೇಟಿನ ಕಾವಲುಗಾರ ಸೀಟಿ ಊದಿದ. ಯಾರಿಗೋ ಅಂದುಕೊಂಡು ಮುಂದೆ ಹೋದೆವು. ಮತ್ತೆ ಸೀಟಿ. "ಓ ಅಮ್ಮಾ, ಚೀಲ ತೋರ್ಸಿ." ಪಾಪ, ಅಮ್ಮ ಸೆರಗು ಸರಿಮಾಡಿಕೊಂಡು ಚೀಲವನ್ನು ಅವನ ಮುಂದೆ ಹಿಡಿದಳು. ಅವನು ಕೈ ಹಾಕಿ ಒಂದೊಂದನ್ನೇ ತೆಗೆದು ಕಟ್ಟೆ ಮೇಲಿಟ್ಟ. ಕನ್ನಡಕದ ಡಬ್ಬಿ. ಮಾತ್ರೆ. ಕೊಡೆ. ಮಡಚಿದ ಟವೆಲ್ಲು. ಕೊನೆಗೆ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದು ಮೂಸಿ ನೋಡಿದ! ಮೂಸಿ! ಹಿಂದೆ ನಿಂತಿದ್ದ ಕಾಲೇಜು ಹುಡುಗಿಯರು ಕಿಸಕ್ಕನೆ ನಕ್ಕರು.

"ಹೊರಗಿನ ತಿಂಡಿ ಬಿಡಲ್ಲ."

"ಸಕ್ಕರೆ ಕಾಯಿಲೆ ತಮ್ಮಾ, ಹೊತ್ತಿಗೆ ಸರಿಯಾಗಿ ತಿನ್ನಬೇಕು" ಅಂದಳು ಅಮ್ಮ, ಮೆಲ್ಲಗೆ. ಅವನೇನು ಮೆಲ್ಲಗೆ ಹೇಳಲಿಲ್ಲ. "ಶುಗರ್ ಇದ್ರೆ ಮನೇಲಿರ್ಬೇಕು."

ಎಪ್ಪತ್ತು ದಾಟಿದ ಹೆಂಗಸಿಗೆ ಹೇಳುವ ಮಾತಾ ಇದು?

ಇನ್ನು ನಾನು. ಬಂಗಡೆಗೆ ಹತ್ತು ರೂಪಾಯಿ ಜಾಸ್ತಿ ಹೇಳಿದರೆ ಇಡೀ ಮೀನು ಮಾರ್ಕೆಟ್ ಸುಮ್ಮನಾಗುವ ಹಾಗೆ ಜಗಳವಾಡುವವಳು. "ಆಯ್ತು ಸರ್" ಅಂದೆ. ಸರ್ ಅಂತೆ! ಡಬ್ಬಿಯನ್ನು ಅವನ ಕುರ್ಚಿ ಕೆಳಗಿಟ್ಟು ಒಳಗೆ ಹೋದೆವು. ಒಳಗೆ ನೋಡಿದರೆ ಅಂಗಡಿ. ಚಿಪ್ಸು, ಕೋಲಾ, ಐಸ್‌ಕ್ರೀಮು. ಖಾಲಿ ಪ್ಯಾಕೆಟ್ಟುಗಳು ಗಾಳಿಗೆ ಹಾರಿ ಸೀದಾ ಸಮುದ್ರಕ್ಕೆ. ಅದಕ್ಕೆ ಸೀಟಿ ಇಲ್ಲ. ಸಕ್ಕರೆ ಕಾಯಿಲೆಯವರು ಕೋಲಾ ಕುಡಿದು ಬದುಕಬೇಕಾ? ಯಾವ ಬೋರ್ಡಿನಲ್ಲಿ ಬರೆದಿದೆ ಈ ರೂಲ್ಸು? ಯಾರಾದರೂ ಹೇಳಿ. ನಿಜವಾಗಿ ಕೇಳುತ್ತಿದ್ದೇನೆ.

ಇನ್ನು ಆ ಗೇಟು ಹತ್ತಲ್ಲ ಅಂತ ಮನೆಗೆ ಬಂದು ಆಣೆ ಮಾಡಿದೆ. ಆದರೆ ಕಾರವಾರದಲ್ಲಿ ಮತ್ತೆಲ್ಲಿಗೆ ಹೋಗುವುದು? ಅರ್ಗಾ, ಬಿಣಗಾ ಕಡೆಯ ಕಡಲು ಸೀಬರ್ಡ್ ನೌಕಾನೆಲೆಯ ಬೇಲಿಯ ಆಚೆ. ದೇಶದ ಕೆಲಸ, ಬೇಡ ಅನ್ನೋಕಾಗಲ್ಲ. ಬೈತಖೋಲ್ ಕಡೆ ಹಡಗುಗಳ ಬಂದರು. ಉಳಿದದ್ದು ಟಾಗೋರ್ ಬೀಚು. ಬಂದರು ದೊಡ್ಡದಾದರೆ ಅದೂ ಹೋಗುತ್ತೆ ಅಂತ 2020ರ ಜನವರಿಯಲ್ಲಿ ಮೀನುಗಾರರು ಬೀದಿಗಿಳಿದಿದ್ದು ಸುಮ್ನೆ ಅಲ್ಲ. ಆದರೆ ಮರಳಲ್ಲಿ ನಡೆಯೋಕೆ ಅಮ್ಮನ ಮಂಡಿ ಬಿಡಬೇಕಲ್ಲ! ಅವಳಿಗೆ ಬೇಕಾದದ್ದು ಒಂದು ಬೆಂಚು, ಸ್ವಲ್ಪ ನೆರಳು, ಎದುರಿಗೆ ಕಡಲು. ಮೂರೂ ಒಟ್ಟಿಗೆ ಸಿಗುವುದು ಆ ಹಾಳು ಪಾರ್ಕಿನಲ್ಲೇ.

ಟಾಗೋರರು ಹರೆಯದಲ್ಲಿ ಇಲ್ಲಿಗೆ ಬಂದು, ಈ ಕಡಲು ನೋಡಿ ಮನಸೋತು ಬರೆದರು. ಅವರ ಚೀಲವನ್ನು ಯಾರು ಮುಟ್ಟುತ್ತಿದ್ದರು ಬಿಡಿ, ಅಣ್ಣ ಇಲ್ಲೇ ಜಡ್ಜ್ ಆಗಿದ್ದರು.

ಆ ಕಾವಲುಗಾರನಿಗೂ ಮೇಲಿನವರು ಹೇಳಿರಬಹುದು, ಹೊಟ್ಟೆಪಾಡು, ಒಪ್ಪಿದೆ. ಆದರೆ ಮೂಸು ಅಂತಲೂ ಹೇಳಿದ್ದರಾ?

"ಹೋಗ್ಲಿ ಬಿಡೇ" ಅನ್ನುತ್ತಿದ್ದಾಳೆ ಅಮ್ಮ. ನನಗೆ ಬಿಡೋಕಾಗ್ತಿಲ್ಲ. ಭಾನುವಾರ ಹುಬ್ಬಳ್ಳಿಯಿಂದ ಅತ್ತಿಗೆ ಮಕ್ಕಳನ್ನು ಕರೆದುಕೊಂಡು ಬರುತ್ತಾಳಂತೆ. ಮಕ್ಕಳಿಗೆ ಅದೇ ಪಾರ್ಕು ಬೇಕಂತೆ. ಎಲ್ಲರ ಚೀಟಿ ದುಡ್ಡು ನಾನೇ ಕೊಡಬೇಕು, ಮತ್ತೆ ಅವನ ಕೈಗೇ. ಥೂ!