ನಾಟಕ ಅಂದವರಲ್ಲಿ ನಾನೂ ಇದ್ದೆ

ಆರನೇ ಕ್ಲಾಸಿನಲ್ಲಿದ್ದಾಗ ಗಣಿತದ ಟೆಸ್ಟ್ ದಿನ ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡು ಮಲಗಿದ್ದೆ. ಹಾಗೆ ಮಾಡಿದರೆ ಜ್ವರ ಬರುತ್ತೆ ಅಂತ ಪಕ್ಕದ ಬೆಂಚಿನವನು ಹೇಳಿದ್ದ. ಜ್ವರ ಬರಲಿಲ್ಲ, ವಾಸನೆ ಬಂತು. ಅಮ್ಮ ಹಣೆ ಮುಟ್ಟಿ ನೋಡಿದಳು, ಮೂಗು ಅರಳಿಸಿದಳು, ಒಂದು ಮಾತೂ ಆಡದೆ ಕೈ ಚಾಚಿದಳು. ಈರುಳ್ಳಿ ವಾಪಸ್ ಕೊಟ್ಟು ಸ್ಕೂಲಿಗೆ ಹೋದೆ. ಮಧ್ಯಾಹ್ನದ ಹುಳಿಗೆ ಬಿದ್ದಿದ್ದು ಅದೇ ಈರುಳ್ಳಿ ಅಂತ ನನಗೆ ಇವತ್ತಿಗೂ ಗುಮಾನಿ.

ಇದು ಈಗ ನೆನಪಾಗಲು ಕಾರಣ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪು. ಕಳೆದ ವಾರ ಅಲ್ಲಿಗೆ ಒಂದು ಸುದ್ದಿ ಬಂತು. ಯಾರನ್ನೋ ಪೊಲೀಸರು ಹಿಡಿದರು, ಹಿಡಿದ ಸ್ವಲ್ಪ ಹೊತ್ತಿಗೆ ಅವರಿಗೆ ಎದೆನೋವು, ಸೀದಾ ಆಸ್ಪತ್ರೆ. ನಮಗೇನು ಹೊಸದಲ್ಲ ಬಿಡಿ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅಷ್ಟರಲ್ಲಿ ನಮ್ಮ ದೊಡ್ಡಪ್ಪನ ಮಗ ಬರೆದ: ‘ನಮ್ಮ ಚಿಕ್ಕಮ್ಮನ ಕಾಲಿನ ಥರ.’ ಅದಕ್ಕೂ ನಗುವ ಇಮೋಜಿಗಳು ಬಿದ್ದವು. ಚಿಕ್ಕಮ್ಮನೂ ಅದೇ ಗ್ರೂಪಿನಲ್ಲಿದ್ದಾಳೆ.

ಈರುಳ್ಳಿ, ಎದೆನೋವು, ಚಿಕ್ಕಮ್ಮನ ಕಾಲು. ಮೂರಕ್ಕೂ ನಮ್ಮಲ್ಲಿ ಇರುವುದು ಒಂದೇ ಪದ: ನಾಟಕ. ನನ್ನ ತಕರಾರು ಆ ಪದದ ಮೇಲೆ.

ನನ್ನ ಈರುಳ್ಳಿ ಪಕ್ಕಾ ನಾಟಕ. ನಾನು ಆಡುತ್ತಿದ್ದೇನೆ ಅಂತ ನನಗೆ ಗೊತ್ತಿತ್ತು, ಯಾಕೆ ಅಂತಲೂ ಗೊತ್ತಿತ್ತು. ಡಾಕ್ಟರುಗಳು ಇದನ್ನು ಮಾಲಿಂಗರಿಂಗ್ ಅನ್ನುತ್ತಾರೆ. ರಜೆ, ಇನ್ಶೂರೆನ್ಸ್, ಜಾಮೀನು, ಹೀಗೆ ಕೈಗೆ ಸಿಗುವ ಲಾಭ ಒಂದು ಇರುತ್ತದೆ. ಅದು ಮಾನಸಿಕ ಕಾಯಿಲೆಗಳ ಲೆಕ್ಕಕ್ಕೆ ಬರುವುದೇ ಇಲ್ಲ. ಈ ಕಲೆಯಲ್ಲಿ ನನಗೆ ಗೊತ್ತಿರುವ ದೊಡ್ಡ ಉಸ್ತಾದ್ ನ್ಯೂಯಾರ್ಕ್‌ನ ಮಾಫಿಯಾ ದೊರೆ ವಿನ್ಸೆಂಟ್ ಜಿಗಾಂಟೆ. ಬಾತ್‌ರೋಬ್ ಹಾಕಿಕೊಂಡು, ತನ್ನಷ್ಟಕ್ಕೆ ಗೊಣಗುತ್ತಾ ಬೀದಿಯಲ್ಲಿ ಅಲೆಯುತ್ತಿದ್ದ. ಹುಚ್ಚ ಅಂತ ನಂಬಿಸಿ ಎಷ್ಟೋ ವರ್ಷ ಕೋರ್ಟಿನಿಂದ ತಪ್ಪಿಸಿಕೊಂಡ. 1997ರಲ್ಲಿ ಶಿಕ್ಷೆ ಆಯಿತು. ಅದೆಲ್ಲ ಸುಳ್ಳು ಅಂತ ಕೊನೆಗೆ 2003ರಲ್ಲಿ ಕೋರ್ಟಿನಲ್ಲಿ ಒಪ್ಪಿಕೊಂಡ. ಅಷ್ಟು ವರ್ಷ ಬೀದಿಯಲ್ಲಿ ಬಾತ್‌ರೋಬ್! ನನಗೆ ಒಂದು ಬೆಳಿಗ್ಗೆ ಈರುಳ್ಳಿ ಹಿಡಿದುಕೊಳ್ಳಲು ಆಗಲಿಲ್ಲ.

ಆದರೆ ಬೇಕಂತಲೇ ಕಾಯಿಲೆ ತೋರಿಸಿ, ಏನೂ ಲಾಭ ಕೇಳದವರೂ ಇದ್ದಾರೆ. ಲಂಡನ್ನಿನ ಡಾಕ್ಟರ್ ರಿಚರ್ಡ್ ಆಶರ್ 1951ರಲ್ಲಿ ಇಂಥವರ ಬಗ್ಗೆ ಬರೆದರು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಾರೆ, ಹೊಸ ಹೊಸ ಕಥೆ ಹೇಳಿ ಅಡ್ಮಿಟ್ ಆಗುತ್ತಾರೆ. ಕೆಲವರ ಹೊಟ್ಟೆ ಮೇಲೆ ಹಳೇ ಆಪರೇಷನ್ ಗೆರೆಗಳು ಸಾಲುಸಾಲು. ಬುರುಡೆ ಬಿಡುವುದಕ್ಕೆ ಹೆಸರಾಗಿದ್ದ ಜರ್ಮನಿಯ ಒಬ್ಬ ಬ್ಯಾರನ್ ಹೆಸರನ್ನೇ ಆಶರ್ ಇದಕ್ಕೆ ಇಟ್ಟರು: ಮಂಚೌಸೆನ್ ಸಿಂಡ್ರೋಮ್. ಈಗಿನ ಹೆಸರು ಫ್ಯಾಕ್ಟಿಷಿಯಸ್ ಡಿಸಾರ್ಡರ್. ಇವರು ತಮ್ಮ ಮೂತ್ರದ ಸ್ಯಾಂಪಲ್‌ಗೆ ರಕ್ತ ಬೆರೆಸಬಹುದು, ಬೇಡದ ಔಷಧ ಚುಚ್ಚಿಕೊಳ್ಳಬಹುದು. ಮೋಸ ಮಾಡುತ್ತಿದ್ದೇನೆ ಅಂತ ಗೊತ್ತು. ಯಾಕೆ ಅಂತ ಅವರನ್ನೇ ಕೇಳಿದರೆ ಸರಿಯಾಗಿ ಹೇಳಲು ಬರುವುದಿಲ್ಲ. ಬೇಕಾಗಿರುವುದು ಹಾಸಿಗೆ, ಡ್ರಿಪ್, ‘ಹೇಗಿದ್ದೀರಿ’ ಅಂತ ಕೇಳುವ ಒಬ್ಬ ನರ್ಸ್. ಸುಮ್ನೆ ಹೊಟ್ಟೆ ಕೊಯ್ಸಿಕೊಳ್ಳುವವರನ್ನು ಕಳ್ಳ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಫೇಸ್‌ಬುಕ್ಕಿನಲ್ಲೂ ಇದು ನಡೆಯುತ್ತದೆ. ಆನ್‌ಲೈನಿನಲ್ಲಿ ಇಲ್ಲದ ಕಾಯಿಲೆ ಹೇಳಿಕೊಳ್ಳುವುದಕ್ಕೆ ಅಮೆರಿಕದ ಮನೋವೈದ್ಯ ಮಾರ್ಕ್ ಫೆಲ್ಡ್‌ಮನ್ 2000ದಲ್ಲೇ ‘ಮಂಚೌಸೆನ್ ಬೈ ಇಂಟರ್ನೆಟ್’ ಅಂತ ಹೆಸರಿಟ್ಟಿದ್ದರು. ನಕಲಿ ಕ್ಯಾನ್ಸರ್ ತೋರಿಸಿ ಹಣ ಎತ್ತಿದರೆ ಅದು ವಂಚನೆ. ‘ಬೇಗ ಹುಷಾರಾಗಿ’ ಅನ್ನುವ ಕಾಮೆಂಟುಗಳಷ್ಟೇ ಬೇಕು ಅಂದರೆ ಕಥೆ ಬೇರೆ.

ಇದರದ್ದೇ ಇನ್ನೊಂದು ರೂಪ, ಅದನ್ನು ಓದಿದಾಗ ರಾತ್ರಿ ನಿದ್ದೆ ಬರಲಿಲ್ಲ. ತಾಯಿಯೇ ಮಗುವಿಗೆ ಕಾಯಿಲೆ ಬರಿಸಿ ಆಸ್ಪತ್ರೆಗೆ ತರುವುದು. ಬ್ರಿಟನ್ನಿನ ಮಕ್ಕಳ ಡಾಕ್ಟರ್ ರಾಯ್ ಮೆಡೋ 1977ರಲ್ಲಿ ಇದನ್ನು ಬರೆದರು. ಅಲ್ಲಿ ರೋಗಿಯಂತೆ ಕಾಣುವುದು ಮಗು, ಆಗುವುದು ಮಗುವಿನ ಮೇಲೆ ಹಿಂಸೆ. ಆದರೆ ಅನುಮಾನಕ್ಕೂ ಹಲ್ಲಿದೆ. ಒಂದೇ ಮನೆಯಲ್ಲಿ ಎರಡು ಕೂಸುಗಳು ತಾವಾಗಿಯೇ ಸಾಯುವ ಸಾಧ್ಯತೆ 7.3 ಕೋಟಿಗೆ ಒಂದು ಅಂತ ಇದೇ ಮೆಡೋ ಕೋರ್ಟಿನಲ್ಲಿ ಹೇಳಿದರು. ಸ್ಯಾಲಿ ಕ್ಲಾರ್ಕ್ ಅನ್ನುವ ತಾಯಿ 1999ರಲ್ಲಿ ಕೊಲೆಗಾರ್ತಿಯಾಗಿ ಜೈಲಿಗೆ ಹೋದಳು. ಆ ಲೆಕ್ಕವೇ ತಪ್ಪಿತ್ತು. 2003ರಲ್ಲಿ ಬಿಡುಗಡೆ ಆಯಿತು. ಅಷ್ಟರಲ್ಲಿ ಆಗಬಾರದ್ದೆಲ್ಲ ಆಗಿತ್ತು.

ಈಗ ಚಿಕ್ಕಮ್ಮನ ಕಾಲು.

ನವರಾತ್ರಿ ಸಮಯ. ಬಚ್ಚಲಿನಿಂದ ಬರುತ್ತಾ ಎಡಗಾಲು ಸೋತು ಕೂತುಬಿಟ್ಟಳು. ಸ್ಟ್ರೋಕ್ ಇರಬಹುದು ಅಂತ ಓಡಿದೆವು. ಸ್ಕ್ಯಾನ್ ನಾರ್ಮಲ್, ರಕ್ತ ನಾರ್ಮಲ್. ‘ಏನೂ ಇಲ್ಲ, ಟೆನ್ಷನ್ ಅಷ್ಟೆ’ ಅಂತ ಅಲ್ಲಿನ ಡಾಕ್ಟರ್ ಕಾರಿಡಾರಿನಲ್ಲಿ ಚಿಕ್ಕಪ್ಪನಿಗೆ ಹೇಳಿದರು. ಮನೆಯವರಿಗೆ ಕೇಳಿಸಿದ್ದು ಮೊದಲ ಎರಡು ಪದ ಮಾತ್ರ. ಹಬ್ಬದ ಕೆಲಸ ಬಂದಾಗಲೇ ಕಾಲು ಬಿದ್ದುಹೋಯಿತಾ ಅಂತ ಅವಳ ಅತ್ತೆ ಶುರು ಮಾಡಿದರು.

ಒಂದು ಸಂಜೆ ಚಿಕ್ಕಮ್ಮ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬೀನ್ಸ್ ಸೋಸುತ್ತಿದ್ದಳು. ಬೆಕ್ಕು ಹಾಲಿನ ಪಾತ್ರೆಗೆ ಬಾಯಿ ಹಾಕಲು ಬಂತು. ಅವಳ ಎಡಗಾಲು ಸಟ್ಟನೆ ಮುಂದೆ ಬಂತು, ಬೆಕ್ಕು ಪಕ್ಕಕ್ಕೆ ಹಾರಿತು. ನಾನು ನೋಡಿದೆ. ಎಲ್ಲರೆದುರು ಅಂದೆ: ‘ಬೆಕ್ಕನ್ನು ಒದೆಯಲು ಬರುವ ಕಾಲು ನಡೆಯಲು ಯಾಕೆ ಬರಲ್ಲ?’ ಚಿಕ್ಕಮ್ಮ ನನ್ನ ಮುಖ ನೋಡಲಿಲ್ಲ, ತನ್ನ ಕಾಲನ್ನೇ ನೋಡಿಕೊಂಡಳು.

ತಿಂಗಳ ನಂತರ ಬೆಂಗಳೂರಿನಲ್ಲಿ ಒಬ್ಬ ನರರೋಗ ತಜ್ಞೆ ಸಿಕ್ಕರು. ಚಿಕ್ಕಮ್ಮನನ್ನು ಮಲಗಿಸಿ ಎಡ ಹಿಮ್ಮಡಿಯ ಕೆಳಗೆ ಅಂಗೈ ಇಟ್ಟು ‘ಕೆಳಗೆ ಒತ್ತಿ’ ಅಂದರು. ಹಣೆಯಲ್ಲಿ ಬೆವರು ಬಂತೇ ಹೊರತು ಕಾಲು ಒತ್ತಲಿಲ್ಲ. ‘ಈಗ ಬಲಗಾಲು ಎತ್ತಿ, ನಾನು ತಡೀತೀನಿ’ ಅಂದರು. ಬಲಗಾಲು ಮೇಲೇಳುತ್ತಿದ್ದ ಹಾಗೆ ಎಡ ಹಿಮ್ಮಡಿ ತಾನಾಗಿ ಅವರ ಅಂಗೈಯನ್ನು ಮಂಚಕ್ಕೆ ಅದುಮಿತು. ‘ನೋಡಿ, ಕಾಲಲ್ಲಿ ಬಲ ಇದೆ. ನೀವು ಬೇಕು ಅಂದಾಗ ಕೈಗೆ ಸಿಗ್ತಿಲ್ಲ, ಅಷ್ಟೆ. ನೀವು ಸುಳ್ಳು ಹೇಳ್ತಿಲ್ಲ.’ ಚಿಕ್ಕಮ್ಮ ಅತ್ತುಬಿಟ್ಟಳು.

ಇದಕ್ಕೆ ಹೂವರ್ ಸೈನ್ ಅಂತ ಹೆಸರು, 1908ರಷ್ಟು ಹಳೆಯದು. ಒಂದು ಕಾಲು ಎತ್ತಿದಾಗ ಇನ್ನೊಂದು ಊರಿಕೊಳ್ಳುವುದು ನಾವು ಹೇಳದೆಯೇ ಆಗುವ ಕೆಲಸ. ಆ ದಾರಿ ಚೆನ್ನಾಗಿದೆ. ‘ಈಗ ನಡಿ’ ಅಂತ ಗಮನ ಕೊಟ್ಟು ಹೇಳಿದಾಗ ಕಟ್ಟಿಕೊಳ್ಳುತ್ತದೆ. ಬ್ಯಾಂಕಿನಲ್ಲಿ ‘ಸಹಿ ಮ್ಯಾಚ್ ಆಗ್ತಿಲ್ಲ, ಸರಿಯಾಗಿ ಹಾಕಿ’ ಅಂದ ಕೂಡಲೇ ಕೈ ತಡವರಿಸುತ್ತಲ್ವಾ, ಅದನ್ನೇ ನೂರು ಪಟ್ಟು ಜಾಸ್ತಿ ಮಾಡಿಕೊಳ್ಳಿ. ಚಿಕ್ಕಮ್ಮನಿಗೆ ಆದಂಥದ್ದನ್ನು ಮೊದಲು ಹಿಸ್ಟೀರಿಯಾ ಅನ್ನುತ್ತಿದ್ದರು, ಆಮೇಲೆ ಕನ್ವರ್ಷನ್, ಈಗ ಫಂಕ್ಷನಲ್ ನ್ಯೂರಲಾಜಿಕಲ್ ಡಿಸಾರ್ಡರ್. ಹಿಂದೆ ಇದಕ್ಕೊಂದು ಮಾನಸಿಕ ಆಘಾತ ಹುಡುಕಲೇಬೇಕಿತ್ತು. 2013ರ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆ ಷರತ್ತು ಹೋಯಿತು. ರೋಗಿ ನಟಿಸುತ್ತಿಲ್ಲ ಅಂತ ಡಾಕ್ಟರ್ ಸಾಬೀತು ಮಾಡಬೇಕು ಅನ್ನುವುದೂ ಹೋಯಿತು.

ನನ್ನನ್ನು ಕುಟುಕಿದ್ದು ಇದು: ಆ ಡಾಕ್ಟರ್ ಅಂಗೈಯಲ್ಲಿ ಕಂಡದ್ದನ್ನೇ ನಾನು ಬೆಕ್ಕಿನಲ್ಲಿ ಕಂಡಿದ್ದೆ. ಅವರಿಗೆ ಅದು ವಾಸಿಯಾಗುವ ಗುರುತಾಗಿ ಕಂಡಿತು, ನನಗೆ ಸಿಕ್ಕಿಬಿದ್ದ ಕಳ್ಳತನವಾಗಿ. ಇದು ಸುಳ್ಳು ಹಿಡಿಯುವ ಪರೀಕ್ಷೆ ಅಲ್ಲ ಅಂತಲೂ ಅವರು ಹೇಳಿದರು. ಬೇಕಂತ ಮಾಡುವವರನ್ನೂ ಆಗದವರನ್ನೂ ಹಿಮ್ಮಡಿ ಒಂದರಿಂದ ಬೇರೆ ಮಾಡಲು ಆಗುವುದಿಲ್ಲವಂತೆ. ಅದಕ್ಕೆ ಕೂತು ಮಾತಾಡಬೇಕು, ಟೈಮ್ ಕೊಡಬೇಕು.

(ಹೊಟ್ಟೆ ಗುಡುಗುಟ್ಟಿದರೆ ಕ್ಯಾನ್ಸರ್ ಅಂತ ಗೂಗಲ್ ಮಾಡುವ ನಮ್ಮ ಮಾವನದ್ದು ಇದ್ಯಾವುದೂ ಅಲ್ಲ. ಅವರು ಏನನ್ನೂ ನಟಿಸುವುದಿಲ್ಲ, ಹೆದರುತ್ತಾರೆ. ಆ ಹೆದರಿಕೆಯೇ ಅತಿಯಾದರೆ ಅದಕ್ಕೂ ಹೆಸರಿದೆ, ಚಿಕಿತ್ಸೆ ಇದೆ. ರಿಪೋರ್ಟ್ ನಾರ್ಮಲ್ ಬಂದರೆ ಒಂದು ವಾರ ಸಮಾಧಾನ, ಅಷ್ಟೆ.)

ಚಿಕ್ಕಮ್ಮನಿಗೆ ಫಿಸಿಯೋಥೆರಪಿ ಶುರುವಾಯಿತು. ಮೊದಲ ದಿನವೇ ಹಿಂದಕ್ಕೆ ನಡೆಸಿದರು. ಮುಂದೆ ಹೆಜ್ಜೆ ಎಳೆಯುತ್ತಿದ್ದವಳು ಹಿಂದಕ್ಕೆ ಆರಾಮಾಗಿ ನಡೆದಳು. ನೋಡಲು ಬಂದಿದ್ದ ನೆಂಟರು ಕಣ್ಣಲ್ಲೇ ಮಾತಾಡಿಕೊಂಡರು. ನಾನು ಕುರ್ಚಿ ತಂದು ಅವರಿಗೆ ಅಡ್ಡವಾಗಿ ಹಾಕಿಕೊಂಡು ಕೂತೆ. ಈಗ ಅವಳು ಹಾಲಿನ ಅಂಗಡಿವರೆಗೆ ಒಬ್ಬಳೇ ಹೋಗಿ ಬರುತ್ತಾಳೆ. ಸುಸ್ತಾದ ದಿನ ಕಾಲು ಮತ್ತೆ ಎಳೆಯುತ್ತದೆ.

ಇದನ್ನು ಹಾಕುವ ಮುಂಚೆ ಅವಳಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡಳು. ಕೊನೆಗೆ ಅಂದಳು: ‘ಒದೆಯಲಿಲ್ಲ ಕಣೋ, ತಳ್ಳಿದ್ದು. ಅದನ್ನ ಸರಿ ಮಾಡು.’