ಐಪಿ68 ಮೊಬೈಲಿಗೊಂದು ತೊಟ್ಟೆ

ಕಾಪು ಕಡೆ ಹತ್ತು ಸೆಂಟ್ಸ್ ಜಾಗ ಕೊಳ್ಳುವಾಗ ಪಹಣಿಯ ಮೇಲೆ ಒಮ್ಮೆ ಕಣ್ಣಾಡಿಸಿ, ‘ಎಲ್ಲ ಸರಿ ಉಂಟಲ್ಲ?’ ಎಂದು ಬ್ರೋಕರನನ್ನೇ ಕೇಳಿ ಸಹಿ ಹಾಕುವ ನಮ್ಮ ಕರಾವಳಿಯ ಗೃಹಸ್ಥರು, ಇಪ್ಪತ್ತೈದು ಸಾವಿರ ರೂಪಾಯಿಯ ಮೊಬೈಲ್ ಕೊಳ್ಳುವ ಹೊತ್ತಿಗೆ ಮಾತ್ರ ಲೆಕ್ಕಪರಿಶೋಧಕರಾಗಿಬಿಡುತ್ತಾರೆ. 1906ರಲ್ಲಿ ಮಂಗಳೂರಿನಲ್ಲೊಂದು, ಉಡುಪಿಯಲ್ಲೊಂದು ಬ್ಯಾಂಕು ಕಟ್ಟಿದ, 1928ರಿಂದ ಪಿಗ್ಮಿಯ ಹೆಸರಿನಲ್ಲಿ ಮನೆಮನೆಯ ಚಿಲ್ಲರೆಯನ್ನು ಠೇವಣಿಯಾಗಿಸಿದ ಜಿಲ್ಲೆಯವರಿಗೆ ಲೆಕ್ಕ ರಕ್ತಗತ ಎನ್ನುವುದೇನೋ ನಿಜ. ಆದರೆ ಆ ವಿದ್ಯೆಯೆಲ್ಲ ಈಗ ಖರ್ಚಾಗುತ್ತಿರುವುದು ಒಂದು ಎಕ್ಸೆಲ್ ಹಾಳೆಯ ಮೇಲೆ. ಅದರ ಅಡ್ಡಸಾಲಿನಲ್ಲಿ ಏಳು ಮಾಡೆಲ್‌ಗಳು, ಉದ್ದಸಾಲಿನಲ್ಲಿ ಮೂವತ್ತು ಗುಣಲಕ್ಷಣಗಳು, ಕೊನೆಯಲ್ಲಿ ಹಳದಿ ಬಣ್ಣ ಬಳಿದ ಒಟ್ಟು ಅಂಕ. ಮಗನ ಪಿಯುಸಿ ಅಂಕಪಟ್ಟಿಯನ್ನೂ ಇಷ್ಟು ಶ್ರದ್ಧೆಯಿಂದ ಓದದ ತಂದೆಯೊಬ್ಬರು ಮದುವೆ ಹಾಲಿನ ಊಟದ ಸಾಲಿನಲ್ಲಿ ಕುಳಿತು, ಸಾರು ಬಡಿಸುವವನನ್ನು ಕೈಸನ್ನೆಯಲ್ಲೇ ತಡೆದು, ‘3000 ನಿಟ್ಸಿಗೂ 4500 ನಿಟ್ಸಿಗೂ ವ್ಯತ್ಯಾಸ ಉಂಟು ಮಾರಾಯ್ರೆ’ ಎಂದು ಪಕ್ಕದವರಿಗೆ ವಿವರಿಸುವುದನ್ನು ಈಗ ಉಡುಪಿಯ ಯಾವ ಸಭಾಂಗಣದಲ್ಲಿಯೂ ಕಾಣಬಹುದು.

ವ್ಯತ್ಯಾಸ ಇರುವುದು ಹೌದು. ಆದರೆ ಆ 4500 ಎಂಬ ಗರಿಷ್ಠ ಹೊಳಪು ಪರದೆಯ ತೀರ ಚಿಕ್ಕ ಭಾಗವೊಂದರಲ್ಲಿ, ಅದೂ ಬೆಳಕು-ನೆರಳಿನ ವ್ಯತ್ಯಾಸವನ್ನು ಎತ್ತಿ ತೋರಿಸುವ ಎಚ್‌ಡಿಆರ್ ವಿಡಿಯೋದಂಥ ವಿಶೇಷ ಸಂದರ್ಭದಲ್ಲಿ ಮಾತ್ರ ಹೊಮ್ಮುವಂಥದ್ದು. ಮೊಬೈಲ್ ಮನೆಗೆ ಬಂದ ಸಂಜೆಯೇ, ಚಾರ್ಜು ಬೇಗ ಇಳಿಯುತ್ತದೆ ಎಂಬ ಕಾರಣಕ್ಕೆ ಹೊಳಪಿನ ಗೀಟನ್ನು ಎಡತುದಿಗೆ ಎಳೆದು ಇಡಲಾಗುತ್ತದೆ. ಸೆಕೆಂಡಿಗೆ 120 ಬಾರಿ ಬದಲಾಗುವ ಪರದೆಗೆಂದು ಎರಡು ಸಾವಿರ ಹೆಚ್ಚು ಕೊಟ್ಟವರು ಅದೇ ಸಂಜೆ ಬ್ಯಾಟರಿ ಸೇವರನ್ನೂ ಒತ್ತುತ್ತಾರೆ. ಅದು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸವೇ ಆ 120ನ್ನು 60ಕ್ಕೆ ಇಳಿಸುವುದು. ಸೆಕೆಂಡಿಗೆ 24 ಚಿತ್ರಗಳಲ್ಲಿ ಇಡೀ ಸಿನಿಮಾ ನೋಡಿ ಕಣ್ಣೀರು ಹಾಕಿ ಬಂದವರಿಗೆ, ಬಸ್ಸಿನ ವೇಳಾಪಟ್ಟಿಯ ಫೋಟೋ ನೋಡಲು 90 ಬಾರಿ ಬದಲಾಗುವ ಪರದೆಯೂ ಸಾಲದು ಎಂದು ಯಾರು ಹೇಳಿಕೊಟ್ಟರೋ ತಿಳಿಯದು.

ಮೆಗಾಪಿಕ್ಸೆಲ್ಲಿನ ಕತೆ ಇನ್ನೂ ರಸವತ್ತಾದದ್ದು. 108 ಇರುವುದನ್ನು ಬಿಟ್ಟು 200 ಇರುವುದನ್ನೇ ಆರಿಸಿದ ಗೃಹಸ್ಥರ ಕ್ಯಾಮೆರಾ, ಅವರನ್ನು ಕೇಳದೆಯೇ, ಹದಿನಾರು ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸಿ ಸುಮಾರು 12 ಮೆಗಾಪಿಕ್ಸೆಲ್ಲಿನ ಚಿತ್ರವನ್ನು ಕೊಡುತ್ತದೆ. ಬಿಟ್ಟುಬಂದ 108ರದ್ದೂ ಒಂಬತ್ತನ್ನು ಒಂದಾಗಿಸಿ ಕೊಡುವುದು 12ನ್ನೇ. ಮಂದ ಬೆಳಕಿನಲ್ಲಿ ಅದು ಒಳ್ಳೆಯ ತಂತ್ರವೇ, ಅದನ್ನು ಅಲ್ಲಗಳೆಯುವಂತಿಲ್ಲ. ಆ 12ನ್ನು ‘ಕುಟುಂಬ’ ಎಂಬ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುವಾಗ ವಾಟ್ಸ್ಆ್ಯಪು ತನ್ನ ಪಾಲಿನ ಕತ್ತರಿ ಹಾಕುತ್ತದೆ. 2023ರಿಂದ ಎಚ್‌ಡಿ ಗುಂಡಿಯೊಂದು ಅಲ್ಲಿದೆ. ಅದನ್ನು ಒತ್ತಿದ ಚಿಕ್ಕಮ್ಮನನ್ನು ನಾನಿನ್ನೂ ಕಂಡಿಲ್ಲ. ಕೊನೆಗೆ ಅತ್ತೆಯ ಮೊಬೈಲಿನಲ್ಲಿ ತೆರೆದುಕೊಳ್ಳುವ ಗೃಹಪ್ರವೇಶದ ಚಿತ್ರದಲ್ಲಿ ಪುರೋಹಿತರು ಯಾರು, ಬಾಳೆಗಿಡ ಯಾವುದು ಎಂಬುದೇ ಚರ್ಚೆಗೆ ಬರುತ್ತದೆ.

ಇನ್ನು ಕಂಪನಿಗಳ ಜಗಳ. ಹಂಪನಕಟ್ಟೆಯ ಅಂಗಡಿಯೊಂದರ ಗಾಜಿನ ಮೇಜಿನ ಮುಂದೆ ಭಾವ ಒಪ್ಪೋ ಪರವಾಗಿ, ಭಾವಮೈದುನ ವಿವೋ ಪರವಾಗಿ ನಿಂತು, ಸೇಲ್ಸ್ ಹುಡುಗ ಮಧ್ಯಾಹ್ನದ ಊಟಕ್ಕೂ ಹೋಗಲಾರದಂತೆ ವಾದಿಸುತ್ತಾರೆ. ಒಪ್ಪೋ, ವಿವೋ, ಒನ್‌ಪ್ಲಸ್, ರಿಯಲ್‌ಮಿ ಈ ನಾಲ್ಕರ ಮೂಲವೂ ಚೀನಾದ ಡೋಂಗುವಾನಿನ ಬಿಬಿಕೆ ಎಂಬ ಒಂದೇ ಸಂಸ್ಥೆ. 2019ರಲ್ಲಿ ಹುಟ್ಟಿದ ಐಕ್ಯೂ ವಿವೋದ ಮಗು. ರೆಡ್‌ಮಿಗೂ ಪೋಕೋಗೂ ಶಓಮಿಯೇ ತಾಯಿ. ಗುತ್ತಿನ ಮನೆಯ ಪಾಲುಪಟ್ಟಿಯಾಗಿ ಒಬ್ಬರು ಚಾವಡಿಯಲ್ಲೂ ಒಬ್ಬರು ಕೊಟ್ಟಿಗೆಯ ಪಕ್ಕದಲ್ಲೂ ಒಲೆ ಹೂಡಿದಂತೆ ಇವರು ಬೇರೆ ಬೇರೆ ಬೋರ್ಡು ಹಾಕಿಕೊಂಡಿದ್ದಾರೆ, ಅಷ್ಟೆ. ‘ಇವೆಲ್ಲ ಬೇಡ, ಐಫೋನೋ ಸ್ಯಾಮ್‌ಸಂಗೋ ಹೇಳಿ’ ಎನ್ನುವ ಗಂಭೀರ ವರ್ಗದವರಿಗೂ ಸಮಾಧಾನವಿಲ್ಲ: ಐಫೋನಿಗೆ ಪರದೆ ಮಾರುವವರಲ್ಲಿ ಸ್ಯಾಮ್‌ಸಂಗೂ ಒಬ್ಬರು.

ಮೊಬೈಲಿನ ವೇಗ ಅಳೆಯುವ ಪರೀಕ್ಷೆಯ ಆ್ಯಪ್‌ಗಳು ಕೊಡುವ ಸ್ಕೋರುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪರೀಕ್ಷೆಯ ಆ್ಯಪ್ ತೆರೆದೊಡನೆ ಮಾತ್ರ ಮೈಮುರಿದು ದುಡಿಯುವ ಮೊಬೈಲುಗಳಿವೆ. 2018ರಲ್ಲಿ 3ಡಿಮಾರ್ಕ್ ಎಂಬ ಪರೀಕ್ಷೆಯವರು ಈ ಕಾರಣಕ್ಕಾಗಿಯೇ ಹುವಾವೇಯ ಕೆಲವು ಮಾಡೆಲ್‌ಗಳನ್ನು ತಮ್ಮ ಪಟ್ಟಿಯಿಂದ ಹೊರಗಿಟ್ಟಿದ್ದರು. ನಮ್ಮ ಗೃಹಸ್ಥರ ಎಕ್ಸೆಲ್ ಹಾಳೆಯಲ್ಲಿ ಆ ಸಾಲಿಗೆ ಇಂದಿಗೂ ಎಲ್ಲಕ್ಕಿಂತ ಹೆಚ್ಚು ಅಂಕ.

5ಜಿ ಬ್ಯಾಂಡುಗಳ, ಅಂದರೆ ಮೊಬೈಲು ಹಿಡಿಯಬಲ್ಲ ತರಂಗಾಂತರಗಳ, ಸಾಲಂತೂ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಳಿಯನ ಕೊಡುಗೆ. ಹನ್ನೆರಡು ಬ್ಯಾಂಡು ಇರಲೇಬೇಕು, ಎಂಟಿರುವುದನ್ನು ಮುಟ್ಟಬೇಡಿ ಎಂದು ಅವನು ವಿಡಿಯೋ ಕಾಲಿನಲ್ಲಿ ಅಪ್ಪಣೆ ಕೊಡಿಸುತ್ತಾನೆ. ಮಾವನವರು ಆ ಕಾಲನ್ನು ಕೇಳಿಸಿಕೊಳ್ಳುವುದು ಅಂಗಳದ ತುಳಸಿಕಟ್ಟೆಯ ಬಲಮಗ್ಗುಲಲ್ಲಿ ನಿಂತು, ಏಕೆಂದರೆ ಎಡಮಗ್ಗುಲಲ್ಲಿ ರೇಂಜಿಲ್ಲ. 2021ರ ಆನ್‌ಲೈನ್ ತರಗತಿಗಳ ಕಾಲದಲ್ಲಿ ಸುಳ್ಯ ಕಡೆಯ ಮಕ್ಕಳು ಮಳೆಯಲ್ಲಿ ಕೊಡೆ ಹಿಡಿದು ರಸ್ತೆ ಬದಿಯಲ್ಲಿ ಪಾಠ ಕೇಳಿದ್ದು ಬ್ಯಾಂಡು ಕಡಿಮೆಯಾಗಿ ಅಲ್ಲ, ಟವರು ಇಲ್ಲದೆ. ಟವರುಗಳನ್ನು ಹೋಲಿಸುವ ಎಕ್ಸೆಲ್ ಹಾಳೆಯನ್ನು ಮಾತ್ರ ಯಾರೂ ಮಾಡಿದಂತಿಲ್ಲ.

ನೀರಿನ ವಿಷಯಕ್ಕೆ ಬಂದರೆ, ಜೂನ್ ಮೊದಲ ವಾರದಿಂದ ಸೆಪ್ಟೆಂಬರಿನವರೆಗೆ ಮಳೆ ಹೊಡೆಯುವ ಊರಿನವರು ಐಪಿ68ಕ್ಕೆ ಮರುಳಾಗುವುದು ಸಹಜವೇ. ಅದರಲ್ಲಿ 6 ಎಂದರೆ ಧೂಳು ಒಳಹೋಗದು, 8 ಎಂದರೆ ನೀರಿನಲ್ಲಿ ಮುಳುಗಿದರೂ ತಡೆದುಕೊಂಡೀತು. ಆದರೆ ಆ ನೀರು ಪ್ರಯೋಗಾಲಯದ, ಅಲುಗಾಡದ ಸಿಹಿನೀರು. ಮಲ್ಪೆಯ ಅಲೆಗೆ ಆ ನಿಯಮ ಅನ್ವಯಿಸದು. ಒಳಗೆ ನೀರು ಹೊಕ್ಕರೆ ಸಾಮಾನ್ಯ ವಾರಂಟಿಯೂ ಕೈ ಎತ್ತುತ್ತದೆ, ಆ ಸಾಲು ಪುಸ್ತಿಕೆಯ ಕೊನೆಯ ಪುಟದಲ್ಲಿ ಎಳ್ಳಿನ ಗಾತ್ರದ ಅಕ್ಷರದಲ್ಲಿರುತ್ತದೆ. ಇದನ್ನು ಪುಸ್ತಿಕೆ ಓದದೆಯೇ ಬಲ್ಲವರು ನಮ್ಮ ಜನ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಜುಲೈ ತಿಂಗಳ ಒಂದು ಮಧ್ಯಾಹ್ನ ಸುಮ್ಮನೆ ನಿಂತು ನೋಡಬೇಕು: ಕಿಸೆಯಿಂದ ಮೊದಲು ಬರುವುದು ಬಟ್ಟೆಯಂಗಡಿಯ ಪ್ಲಾಸ್ಟಿಕ್ ತೊಟ್ಟೆ, ಅದಕ್ಕೆ ಸುತ್ತಿದ ರಬ್ಬರ್ ಬ್ಯಾಂಡು, ಒಳಗೆ ಕಪ್ಪು ಕವರು, ಕವರಿನೊಳಗೆ ಪರದೆಯ ಮೇಲೊಂದು ಟೆಂಪರ್ಡ್ ಗ್ಲಾಸು, ಅದರ ಕೆಳಗೆ ಗೀರು ಬೀಳದು ಎಂದು ಹಾಳೆಯಲ್ಲಿ ಹತ್ತಕ್ಕೆ ಒಂಬತ್ತು ಅಂಕ ಪಡೆದ ಗೊರಿಲ್ಲಾ ಗ್ಲಾಸು. ಯಜಮಾನರು ತೊಟ್ಟೆಯ ಮೇಲಿನಿಂದಲೇ ಬೆರಳು ಒತ್ತಿ, ‘ಹಲೋ, ಹಲೋ’ ಎನ್ನುತ್ತಾರೆ. ಕರೆಯ ಧ್ವನಿ ಸ್ಪಷ್ಟವಾಗಿದೆಯೇ ಎಂಬುದು ಮೂವತ್ತು ಸಾಲುಗಳಲ್ಲಿ ಇರಲಿಲ್ಲ.

ಇರಲಿಲ್ಲವಾದ ಇನ್ನೊಂದು ಸಾಲೆಂದರೆ ಸುರಕ್ಷತಾ ಅಪ್‌ಡೇಟ್ ಎಷ್ಟು ವರ್ಷ ಎನ್ನುವುದು. ಗೂಗಲ್ 2023ರ ಪಿಕ್ಸೆಲ್ 8ಕ್ಕೂ ಸ್ಯಾಮ್‌ಸಂಗ್ 2024ರ ಎಸ್24ಕ್ಕೂ ಏಳು ವರ್ಷದ ಮಾತು ಕೊಟ್ಟಿವೆ; ಬ್ಯಾಂಕಿನ ವ್ಯವಹಾರವನ್ನೆಲ್ಲ ಮೊಬೈಲಿನಲ್ಲಿ ಇಟ್ಟುಕೊಂಡವನಿಗೆ ಬೇಕಾದ ಅಂಕಿ ಇದೇ. ಆದರೆ ಅಪ್‌ಡೇಟ್ ಬಂದಾಗಲೆಲ್ಲ ‘ನಾಳೆ ನೆನಪಿಸಿ’ ಒತ್ತುವವರಿಗೆ ಏಳು ವರ್ಷ ನಾಳೆಗಳು ಸಿಗುತ್ತವೆ ಎನ್ನುವುದಕ್ಕಿಂತ ಹೆಚ್ಚಿನ ಲಾಭ ಅದರಲ್ಲಿ ಕಾಣದು.

ಇಷ್ಟೆಲ್ಲ ಆದ ಮೇಲೆ, ಆಗಸ್ಟಿನ ಆಫರಿನಲ್ಲಿ, ಮೊದಲ ಸ್ಥಾನದ ಮಾಡೆಲ್ ಬಿಟ್ಟು ನಾಲ್ಕನೆಯದನ್ನು ಕೊಳ್ಳಲಾಗುತ್ತದೆ, ಏಕೆಂದರೆ ಸೇಲ್ಸ್ ಹುಡುಗ ‘ಅದಕ್ಕೆ ಬ್ಯಾಕ್ ಕವರು ಸಿಗುವುದಿಲ್ಲ ಸರ್’ ಎಂಬ ಒಂದೇ ವಾಕ್ಯದಲ್ಲಿ ಎರಡು ತಿಂಗಳ ಸಂಶೋಧನೆಯನ್ನು ಮುಗಿಸುತ್ತಾನೆ. ಹಳೆಯದಕ್ಕೆ ಎಕ್ಸ್‌ಚೇಂಜಿನಲ್ಲಿ ಕೊಟ್ಟ ಬೆಲೆ ಮಾನಕ್ಕೆ ಕಡಿಮೆ ಎಂದು ಅದನ್ನು ಮನೆಗೇ ತರಲಾಗುತ್ತದೆ. 120 ವ್ಯಾಟಿನ ಚಾರ್ಜರನ್ನು ಡಬ್ಬಿಯಲ್ಲೇ ಬಿಟ್ಟು, ವೇಗವಾಗಿ ತುಂಬಿದರೆ ಬ್ಯಾಟರಿ ಕೆಡುತ್ತದೆ ಎಂಬ ನಂಬಿಕೆಯ ಮೇಲೆ, ಹಳೆಯ ಚಾರ್ಜರಿನಲ್ಲಿ ರಾತ್ರಿಯಿಡೀ ತುಂಬಿಸಲಾಗುತ್ತದೆ. ಮಳೆ ಬಿಡುವವರೆಗೆ ಹೊಸದನ್ನು ಹೊರಗೆ ಒಯ್ಯುವುದು ಬೇಡ ಎಂದು ಮನೆಯವರ ಅಭಿಪ್ರಾಯ. ಆದ್ದರಿಂದ ಪೇಟೆಗೆ ಹೋಗುವಾಗ ಕಿಸೆಯಲ್ಲಿರುವುದು ಹಳೆಯದೇ, ಸಿಮ್ಮೂ ಅದರಲ್ಲೇ, ಒಟಿಪಿಯೂ ಅದಕ್ಕೇ.