ಗೆದ್ರೆ ಅಜ್ಜನ ಊರಿನ ಮೊಮ್ಮಗ, ಸೋತ್ರೆ ಪರದೇಶಿ

ನಿನ್ನೆ ರಾತ್ರಿ ಹಳೇ ಫುಟ್‌ಬಾಲ್ ಹೈಲೈಟ್ಸ್ ಹಾಕ್ಕೊಂಡು ಕೂತಿದ್ವಿ, ಇಟಲಿಗೆ ರೆಟೇಗಿ ಗೋಲ್ ಹೊಡೆದಿದ್ದೇ ತಡ ಪಕ್ಕದಲ್ಲಿದ್ದ ಮಹಾಶಯ "ರಕ್ತ ಸುಮ್ನಿರುತ್ತೇನೋ!" ಅಂದ. ಅವಾಗಿಂದ ಉರೀತಿದೆ ನಂಗೆ.

ಮಾರಾಯಾ, ಆ ಹುಡುಗ ಹುಟ್ಟಿದ್ದು ಅರ್ಜೆಂಟೀನಾದಲ್ಲಿ, ತಾಯಿ ಕಡೆ ಅಜ್ಜ ಸಿಸಿಲಿಯೋನು, ಅಷ್ಟೇ ನಂಟು. ಇಂಥೋರಿಗೆ ಇಟಲಿಯಲ್ಲಿ ಲ್ಯಾಟಿನ್ನಿಂದ ಬಂದ ಹೆಸರೊಂದಿದೆ, ಒರಿಯುಂದೋ, ಅಂದ್ರೆ ಇಲ್ಲಿಯ ಮೂಲದೋನು. ಕೇಳೋಕೆ ಎಷ್ಟು ಅಕ್ಕರೆ ಅಲ್ವಾ? ಅದೇ ಸಿಸಿಲಿಯ ಪಲೆರ್ಮೋದಲ್ಲಿ 1990ರಲ್ಲಿ ಹುಟ್ಟಿದ ಫುಟ್‌ಬಾಲಿಗ ಬಲೊಟೆಲ್ಲಿ ಮಾತ್ರ, ಅಪ್ಪ ಅಮ್ಮ ಘಾನಾದೋರು ಅನ್ನೋ ಕಾರಣಕ್ಕೆ, ಪೌರತ್ವಕ್ಕೆ 18 ತುಂಬೋವರೆಗೆ ಕಾಯ್ಬೇಕಾಯ್ತು. ರಕ್ತವಂತೆ ರಕ್ತ.

ಈ ಅಕ್ಕರೆಯ ಹಣೆಬರಹ ನೋಡಿ. 1930ರ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾಗೆ ಆಡಿದ ಮೊಂಟಿನೇ 1934ರ ಫೈನಲ್‌ನಲ್ಲಿ ಇಟಲಿಗೆ ಆಡಿ ಕಪ್ ಎತ್ತಿದ. ಆ ಸಲ ಸೆಮಿಫೈನಲ್ ಗೆಲ್ಲಿಸಿದ ಗೋಲ್ ಇನ್ನೊಬ್ಬ ಅರ್ಜೆಂಟೀನಾದ ಗುವಾಯ್ತಾದು. ಇಟಲಿಗೋಸ್ಕರ ಸಾಯೋಕಾಗೋರು ಆಡೋಕೂ ಆಗ್ಬೇಕು ಅಂತ ಕೋಚ್ ಪೊಝೊ ವಾದ. ಚೆನ್ನಾಗಿದೆ, ಆದ್ರೆ ಮುಂದಿನ ವರ್ಷವೇ ಮುಸೊಲಿನಿ ಅಬಿಸೀನಿಯಾ (ಈಗಿನ ಇಥಿಯೋಪಿಯಾ) ಯುದ್ಧಕ್ಕೆ ತಯಾರಾದಾಗ, ಎಲ್ಲಿ ನಮ್ಮನ್ನೂ ಸೈನ್ಯಕ್ಕೆ ಎಳ್ಕೊಂಡು ಹೋಗ್ತಾರೋ ಅಂತ ಗುವಾಯ್ತಾ ಇನ್ನಿಬ್ಬರ ಜೊತೆ ದೇಶ ಬಿಟ್ಟು ಓಡಿದ. ನಾನಾಗಿದ್ರೂ ಓಡ್ತಿದ್ದೆ! 1962ರಲ್ಲಿ ಸಿವೊರಿ, ಅಲ್ತಫೀನಿ ಥರದ ಒರಿಯುಂದೋಗಳೆಲ್ಲಾ ಇದ್ದೂ ಚಿಲಿಯ ವಿಶ್ವಕಪ್‌ನಲ್ಲಿ ಇಟಲಿಯೋರು ಮೊದಲ ಸುತ್ತಲ್ಲೇ ಗಂಟುಮೂಟೆ ಕಟ್ಟಿದ್ರು, ಆಮೇಲೆ ಮೂಲದ ಮೇಲಿನ ಪ್ರೀತಿಯೂ ಬತ್ತಿಹೋಯ್ತು, 2003ರಲ್ಲಿ ಅರ್ಜೆಂಟೀನಾದ ಕಮೊರಾನೇಸಿ ಬರೋ ತನಕ ದಶಕಗಟ್ಟಲೆ ಬಾಗಿಲು ಬಂದ್.

(ಹೌದು, 2006ರಲ್ಲಿ ಇಟಲಿ ವಿಶ್ವಕಪ್ ಗೆದ್ದಾಗ ಆ ಜುಟ್ಟಿನ ಕಮೊರಾನೇಸಿಗೆ ಕುಣಿದೋನು ನಾನೇ. ಇಟಲಿ ಅಂದ್ರೆ ನಂಗೆ ಈಗ್ಲೂ ಹುಚ್ಚೇ, ಆಟಗಾರರ ಮೇಲೆ ಎಳ್ಳಷ್ಟೂ ಸಿಟ್ಟಿಲ್ಲ.)

ಪೌರತ್ವದ ಕಾನೂನು ಬದಲಾಯ್ತಲ್ಲಾ ಅಂತೀರೇನೋ. ಆಯ್ತಪ್ಪ, 2025ರಲ್ಲಿ ಮುತ್ತಜ್ಜನ ಹೆಸರು ಹೇಳ್ಕೊಂಡು ಬರೋರನ್ನ ತಡೆದ್ರು, ಅಪ್ಪ ಅಮ್ಮ ಇಲ್ಲಾ ಅಜ್ಜ ಅಜ್ಜಿ ತನಕ ಮಾತ್ರ ಅಂದ್ರು. ಅಲ್ಲೇ ಹುಟ್ಟಿ ಅಲ್ಲೇ ಸ್ಕೂಲಿಗೆ ಹೋಗೋ ಮಗುವಿಗೆ ಇದರಿಂದ ಏನ್ ಬಂತು? ಅದೇ 18 ವರ್ಷ. ಹೊರಗಿಂದ ಬಂದು ನೆಲೆಸಿದೋರು ಪೌರತ್ವಕ್ಕೆ ಕಾಯೋ ಅವಧಿನ 10 ವರ್ಷದಿಂದ 5ಕ್ಕೆ ಇಳ್ಸಿ ಅಂತ ಅದೇ ವರ್ಷ ಜೂನ್‌ನಲ್ಲಿ ನಡೆದ ಜನಮತಗಣನೆಗೆ ಅರ್ಧದಷ್ಟು ಜನ ಕೂಡ ವೋಟ್ ಹಾಕೋಕೆ ಬರ್ಲಿಲ್ಲ, ಬಿದ್ದೋಯ್ತು.

ಕೋಚ್ ಮಂಚಿನಿ ಕಥೆಯಂತೂ ಕೇಳ್ಲೇಬೇಡಿ. 2015ರಲ್ಲಿ, ಇಟಲಿಯಲ್ಲಿ ಹುಟ್ಟದೋರಿಗೆ ರಾಷ್ಟ್ರೀಯ ತಂಡದಲ್ಲಿ ಜಾಗ ಬೇಡ ಅಂದಿದ್ದ ಪುಣ್ಯಾತ್ಮ, 2023ರಲ್ಲಿ ಗೋಲ್ ಹೊಡೆಯೋರು ಸಿಗದೇ ಪರದಾಡ್ತಿದ್ದಾಗ ರೆಟೇಗಿನ ಕರ್ಕೊಂಡು ಬಂದಿದ್ದೂ ಇವನೇ.